ಸಭೆಯಲ್ಲಿ ಸಾರಿದ್ದು, ಕಲ್ಲಿನಲ್ಲಿ ಉಳಿದದ್ದು

ಇದು ಈ ವಾರದ ಮಾತಿನ ಬರಹರೂಪ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರು, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರು ಇಲ್ಲಿಂದಲೇ ಶುರು ಮಾಡಬಹುದು. ಮಾತಿನಲ್ಲಿದ್ದ ಎಳೆದಾಟ ತೆಗೆದಿದ್ದೇನೆ, ವಿಷಯ ಬಿಟ್ಟಿಲ್ಲ.

ನಿಮ್ಮಲ್ಲಿ ಸುಮಾರು ಜನ ಮತ್ತೆ ಮತ್ತೆ ಕೇಳ್ತಿರೋ ಪ್ರಶ್ನೆ ಒಂದೇ. "ಹೊರನಾಡಲ್ಲಿದ್ದೀನಿ, ರಾತ್ರಿ ಕೂತು ಕನ್ನಡದಲ್ಲಿ ಬರೀತೀನಿ, ಸ್ವಂತ ಬ್ಲಾಗ್ ಮಾಡಿದ್ದೀನಿ. ಓದೋಕೆ ಯಾರೂ ಬರಲ್ಲ. ಫೇಸ್‌ಬುಕ್ಕು, ವಾಟ್ಸಾಪು, ಇನ್‌ಸ್ಟಾಗ್ರಾಮಿಂದ ಜನರನ್ನ ಅಲ್ಲಿಗೆ ಕರ್ಕೊಂಡು ಬರೋದು ಹೆಂಗೆ?" ಇದಕ್ಕೆ ಟಿಪ್ಸ್ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಎಷ್ಟು ಗಂಟೆಗೆ ಪೋಸ್ಟ್ ಹಾಕಬೇಕು, ಯಾವ ಹ್ಯಾಶ್‌ಟ್ಯಾಗ್ ಹಾಕಬೇಕು, ಎಲ್ಲ ಅಲ್ಲಿದೆ. ನಮ್ಮದು ಇತಿಹಾಸದ ಚಾನೆಲ್. ಹಾಗಾಗಿ ನಾನು ಈ ಪ್ರಶ್ನೆಯನ್ನ ಸ್ವಲ್ಪ ಹಿಂದಕ್ಕೆ, ಸುಮಾರು 1,900 ವರ್ಷ ಹಿಂದಕ್ಕೆ ತಗೊಂಡು ಹೋಗ್ತೀನಿ. ಊರು ಮಾತ್ರ ದೂರದ್ದಲ್ಲ. ನಾಸಿಕ.

ಗುಡ್ಡದ ಮೇಲಿನ ಪ್ರಕಟಣೆ

ಮುಂಬೈಯಿಂದ ನಾಸಿಕಕ್ಕೆ ಬರುವ ಹೆದ್ದಾರಿಯ ಪಕ್ಕದಲ್ಲೇ, ಊರಿಗೆ ಏಳೆಂಟು ಕಿಲೋಮೀಟರ್ ಇರುವಾಗ ಒಂದು ಗುಡ್ಡ ಸಿಗುತ್ತೆ. ಶಾಸನಗಳಲ್ಲಿ ಅದರ ಹೆಸರು ತ್ರಿರಶ್ಮಿ. ಅಲ್ಲಿ 24 ಬೌದ್ಧ ಗುಹೆಗಳಿವೆ. ಈಗಿನ ಜನ ಕರೆಯೋದು ಪಾಂಡವಲೇಣಿ ಅಂತ. ವೀಕೆಂಡಲ್ಲಿ ಮೆಟ್ಟಿಲು ಹತ್ತಿ, ಸೆಲ್ಫಿ ತೆಗೆದು, ಕೆಳಗೆ ಬಂದು ಮಿಸಳ್ ತಿಂದು ಹೋದವರು ನಮ್ಮಲ್ಲೇ ಬಹಳ ಜನ ಇದ್ದೀರಿ.

ಅಲ್ಲಿನ 10ನೇ ಗುಹೆಯಲ್ಲಿ ಉಷವದಾತ ಎಂಬವನ ಶಾಸನಗಳಿವೆ. ಇವನು ಕ್ಷಹರಾತ ವಂಶದ ಕ್ಷತ್ರಪ ನಹಪಾನನ ಅಳಿಯ. ಶಾಸನ ಹೇಳುವುದಿಷ್ಟು: ಗುಹೆಯನ್ನು ಭಿಕ್ಷು ಸಂಘಕ್ಕೆ ಕೊಟ್ಟಿದ್ದೇನೆ. ಜೊತೆಗೆ 3,000 ಕಾರ್ಷಾಪಣ ಇಟ್ಟಿದ್ದೇನೆ. ಅದರಲ್ಲಿ 2,000 ಗೋವರ್ಧನ ಊರಿನ ಒಂದು ನೇಕಾರರ ಶ್ರೇಣಿಯಲ್ಲಿದೆ, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಉಳಿದ 1,000 ಇನ್ನೊಂದು ನೇಕಾರರ ಶ್ರೇಣಿಯಲ್ಲಿದೆ, ಬಡ್ಡಿ ನೂರಕ್ಕೆ ಮುಕ್ಕಾಲು. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಿಂದ ಭಿಕ್ಷುಗಳ ಬಟ್ಟೆಬರೆಯ ಖರ್ಚು ನಡೀಬೇಕು. ಇವತ್ತಿನ ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ, ಅಲ್ವಾ?

ಆದರೆ ನಮಗೆ ಬೇಕಾಗಿರೋದು ಬಡ್ಡಿಯ ಲೆಕ್ಕ ಅಲ್ಲ, ಅದರ ನಂತರ ಬರುವ ಮಾತು. ಇದೆಲ್ಲವನ್ನೂ ನಿಗಮಸಭೆಯಲ್ಲಿ ಕೇಳಿಸಲಾಗಿದೆ, ವಾಡಿಕೆಯಂತೆ ಫಲಕಗಳಲ್ಲಿ ಬರೆಯಲಾಗಿದೆ ಎಂದು ಶಾಸನವೇ ಹೇಳುತ್ತೆ. ಅಂದರೆ ಒಂದೇ ವಿಷಯ ಮೂರು ಜಾಗದಲ್ಲಿ ಪ್ರಕಟವಾಯಿತು. ಮೊದಲನೆಯದು ಊರಿನ ವ್ಯಾಪಾರಸ್ಥರು ಸೇರುವ ಸಭೆ. ಅಲ್ಲಿ ಬಾಯಿಮಾತು, ಕೇಳಿದವರು ಇನ್ನೊಬ್ಬರಿಗೆ ಹೇಳ್ತಾರೆ. ಎರಡನೆಯದು ಫಲಕ, ಅಂದರೆ ದಾಖಲೆ. ಮೂರನೆಯದು ಕಲ್ಲು. ಸಿಸ್ಟಂ ಡಿಸೈನ್ ಇಂಟರ್ವ್ಯೂ ಕೊಟ್ಟವರಿಗೆ ತಕ್ಷಣ ಹೊಳೆಯುತ್ತೆ: ಹಂಚುವ ಪದರ ಬೇರೆ, ಸಂಗ್ರಹದ ಪದರ ಬೇರೆ. ಉಷವದಾತ ಎರಡನ್ನೂ ಬಳಸಿದ, ಒಂದನ್ನು ಇನ್ನೊಂದು ಅಂತ ತಿಳಿಯಲಿಲ್ಲ.

ಸಭೆ ಅವನದಲ್ಲ, ಊರಿನದು. ಅಲ್ಲಿ ಜನ ಮೊದಲೇ ಸೇರಿರ್ತಾರೆ, ಅದಕ್ಕೇ ಅಲ್ಲಿಗೆ ಹೋದ. ಗುಹೆ ಅವನು ಮಾಡಿಸಿದ್ದು, ಅದಕ್ಕೇ ಕೆತ್ತುವ ಕೆಲಸ ಅಲ್ಲಿ. ಇವತ್ತಿನ ಮಾತಲ್ಲಿ ಹೇಳೋದಾದರೆ ಸೋಶಿಯಲ್ ಮೀಡಿಯಾ ನಿಗಮಸಭೆ, ಸ್ವಂತ ಬ್ಲಾಗು ಗುಹೆಯ ಗೋಡೆ.

ನಾಣ್ಯದ ಗತಿ

ಮುಂದೆ ಏನಾಯ್ತು ನೋಡಿ. ಸಾತವಾಹನರ ಗೌತಮೀಪುತ್ರ ಶಾತಕರ್ಣಿ ನಹಪಾನನನ್ನು ಸೋಲಿಸಿದ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಟೆಂಭಿ ಎಂಬ ಊರಲ್ಲಿ ಬೆಳ್ಳಿ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿತು. 13,000ಕ್ಕೂ ಹೆಚ್ಚು ನಾಣ್ಯಗಳು, ಎಲ್ಲವೂ ನಹಪಾನನವು. ಅವುಗಳಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಗೌತಮೀಪುತ್ರ ತನ್ನ ಮುದ್ರೆಯನ್ನ ಮತ್ತೆ ಒತ್ತಿಸಿದ್ದ. ಬೆಳ್ಳಿ ಅದೇ, ಬಿಲ್ಲೆ ಅದೇ, ಮುಖದ ಮೇಲೆ ಮಾತ್ರ ಹೊಸ ಒಡೆಯನ ಗುರುತು.

ಆ ಕಾಲದಲ್ಲಿ ನಾಣ್ಯಕ್ಕಿಂತ ವೇಗವಾಗಿ ಕೈಯಿಂದ ಕೈಗೆ ಹೋಗುವ ಮಾಧ್ಯಮ ಇನ್ನೊಂದಿರಲಿಲ್ಲ. ರಾಜನ ಮುಖ, ಹೆಸರು, ಬಿರುದು ಎಲ್ಲವೂ ಸಂತೆಯಿಂದ ಸಂತೆಗೆ ಹೋಗ್ತಿತ್ತು. ಆದರೆ ಹರಿದಾಡುವ ಮಾಧ್ಯಮದ ಒಡೆತನ ಬದಲಾದ ದಿನ ಅದರ ಮೇಲಿನ ಮಾತೂ ಬದಲಾಯಿತು. ಗುಹೆಯ ಗೋಡೆಯ ಮೇಲೆ ಉಷವದಾತ ಬರೆಸಿದ್ದು ಮಾತ್ರ ಇವತ್ತಿಗೂ ಅಲ್ಲೇ ಇದೆ.

ಇನ್ನೂ ಒಂದು ಮಜಾ ಇದೆ. ಗೆದ್ದ ಸಾತವಾಹನರೂ ಬಂದದ್ದು ಅದೇ ಗುಡ್ಡಕ್ಕೆ. 3ನೇ ಗುಹೆಯಲ್ಲಿ ಗೌತಮೀಪುತ್ರನ ಆಜ್ಞೆ ಇದೆ. ಮೊದಲು ಉಷವದಾತನ ಅನುಭೋಗದಲ್ಲಿದ್ದ 200 ನಿವರ್ತನ ಭೂಮಿಯನ್ನ ಅಲ್ಲಿನ ಭಿಕ್ಷುಗಳಿಗೆ ಕೊಡಿ ಅಂತ ಗೋವರ್ಧನದ ಅಧಿಕಾರಿಗೆ ಬರೆದದ್ದು. ಅವನ ತಾಯಿ ಗೌತಮೀ ಬಲಶ್ರೀ ಮಗನ ಗುಣಗಾನ ಕೆತ್ತಿಸಿದ್ದೂ ಅದೇ ಗುಹೆಯಲ್ಲಿ. ಮಗ ತೀರಿಹೋದ ಮೇಲೆ, ಮೊಮ್ಮಗ ಪುಳುಮಾವಿಯ 19ನೇ ಆಳ್ವಿಕೆ ವರ್ಷದಲ್ಲಿ. ಗೌತಮೀಪುತ್ರನ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಓದಿದ್ದರಲ್ಲಿ ಬಹುಪಾಲು ಬಂದದ್ದು ಈ ತಾಯಿ ಬರೆಸಿದ ಗೋಡೆಯಿಂದ. ನಾಣ್ಯದ ಮೇಲೆ ಮುದ್ರೆ ಒತ್ತಿಸಿದ ಮನೆತನಕ್ಕೂ ಕೊನೆಗೆ ನೆನಪು ಉಳಿಯೋದು ಎಲ್ಲಿ ಅನ್ನೋದು ಗೊತ್ತಿತ್ತು.

ಕಲ್ಲೂ ಸಾಲದು

ಇಷ್ಟಕ್ಕೇ "ಹಂಗಾದ್ರೆ ಸ್ವಂತ ಡೊಮೇನ್ ತಗೊಳಿ, ಮುಗೀತು" ಅಂತ ನಾನು ಹೇಳಿಬಿಟ್ಟರೆ ಅದು ಅರ್ಧ ಇತಿಹಾಸ.

ಗೋಡೆ ಉಳಿಯಿತು ನಿಜ. ಓದುವವರು ಉಳಿಯಲಿಲ್ಲ. ಬ್ರಾಹ್ಮಿ ಲಿಪಿ ಕಾಲದಿಂದ ಕಾಲಕ್ಕೆ ಬದಲಾಗುತ್ತಾ ನಮ್ಮ ಕನ್ನಡ, ದೇವನಾಗರಿ ಎಲ್ಲವೂ ಆಯಿತು, ಆದರೆ ಮೂಲ ರೂಪ ಓದಬಲ್ಲವರು ಇಲ್ಲವಾದರು. ಅಶೋಕನ ಕಾಲದ ಬ್ರಾಹ್ಮಿಯನ್ನ ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದಿದ್ದು 1837ರಲ್ಲಿ. ಅಲ್ಲಿಯವರೆಗೆ ನೂರಾರು ವರ್ಷ ಉಷವದಾತ, ಗೌತಮೀ ಬಲಶ್ರೀ ಇಬ್ಬರ ಹೆಸರೂ ಗೋಡೆ ಮೇಲೆ ಇದ್ದೂ ಇಲ್ಲದ ಹಾಗೆ. ಗುಡ್ಡ ಹತ್ತಿ ಬಂದ ಜನ ಏನು ಮಾಡಿದರು? ಇಷ್ಟು ದೊಡ್ಡ ಕೆಲಸ ಪಾಂಡವರದೇ ಇರಬೇಕು ಅಂದರು. ಪಾಂಡವಲೇಣಿ ಅನ್ನೋ ಹೆಸರೇ ಇದಕ್ಕೆ ಸಾಕ್ಷಿ. ಬರೆದವನ ಹೆಸರು ಓದೋಕೆ ಬರದಿದ್ದಾಗ ಕೃತಿ ಊರಿಗೆ ಗೊತ್ತಿರುವ ಅತಿ ದೊಡ್ಡ ಹೆಸರಿನ ಖಾತೆಗೆ ಹೋಗುತ್ತೆ.

ಇದನ್ನ ಸ್ವಲ್ಪ ನಮ್ಮ ಮನೆಗೆ ಹಚ್ಚಿ ನೋಡಿ. ನಾಸಿಕ, ಪುಣೆ, ಛತ್ರಪತಿ ಸಂಭಾಜಿನಗರದಲ್ಲಿರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ. ಅಜ್ಜಿ ಜೊತೆ ಫೋನಲ್ಲಿ ಚೆನ್ನಾಗೇ ಮಾತಾಡುವ ಹುಡುಗ ಬಸ್ಸಿನ ಬೋರ್ಡ್ ಓದೋಕೆ ತಡವರಿಸ್ತಾನೆ. ನಾವು ರಾತ್ರಿ ಹನ್ನೊಂದಕ್ಕೆ ಕೂತು ಬರೆದದ್ದು ಅವನ ಪಾಲಿಗೆ ಬ್ರಾಹ್ಮಿ. ಹಾಗಾಗಿ ಓದುಗರನ್ನ ಕರೆತರೋದು ಅಂದರೆ ಕ್ಲಿಕ್ ಎಣಿಸೋದಷ್ಟೇ ಅಲ್ಲ. ಗೋಡೆಯನ್ನ ಓದಬಲ್ಲವರು ಇರುವ ಹಾಗೆ ನೋಡಿಕೊಳ್ಳೋದು.

ವೇರೂಳಿಗೆ ವಡೋದರದ ಲಿಂಕ್

ಈಗ ಸಂಭಾಜಿನಗರದ ಕಡೆ ಹೋಗೋಣ. ವೇರೂಳು, ನಮ್ಮ ಬಾಯಲ್ಲಿ ಎಲ್ಲೋರ. 16ನೇ ಗುಹೆ ಕೈಲಾಸ. ರಾಷ್ಟ್ರಕೂಟರ ಒಂದನೇ ಕೃಷ್ಣ 8ನೇ ಶತಮಾನದಲ್ಲಿ ಮಾಡಿಸಿದ್ದು ಅಂತ ನಮಗೆಲ್ಲ ಗೊತ್ತು. ಆದರೆ ಹೇಗೆ ಗೊತ್ತು? ಆ ದೇವಾಲಯದಲ್ಲಿ "ಇದನ್ನ ಇಂಥವನು ಕಟ್ಟಿಸಿದ" ಎನ್ನುವ ಶಾಸನ ಇಲ್ಲ. ಪಕ್ಕದ 15ನೇ ಗುಹೆಯಲ್ಲಿ ಕೃಷ್ಣನಿಗಿಂತ ಮುಂಚಿನ ದಂತಿದುರ್ಗನ ಶಾಸನ ಇದೆ, ಕೈಲಾಸದಲ್ಲಿ ಕೃಷ್ಣನದಿಲ್ಲ.

ನಮಗೆ ಹೇಳಿದ್ದು ನೂರಾರು ಕಿಲೋಮೀಟರ್ ದೂರದ ವಡೋದರದಲ್ಲಿ ಸಿಕ್ಕ ಒಂದು ತಾಮ್ರಪಟ. ಗುಜರಾತಿನಲ್ಲಿ ಆಳುತ್ತಿದ್ದ ರಾಷ್ಟ್ರಕೂಟರ ಕವಲಿನ ಕರ್ಕರಾಜ ಸುಮಾರು 812-13ರಲ್ಲಿ ಕೊಟ್ಟ ದಾನಪತ್ರ ಅದು. ದಾನದ ವಿವರಕ್ಕಿಂತ ಮುಂಚೆ ವಂಶದ ಹೊಗಳಿಕೆ ಬರುತ್ತೆ. ಅದರಲ್ಲಿ ಏಲಾಪುರದ ಬೆಟ್ಟದ ಮೇಲೆ ಕೃಷ್ಣರಾಜ ಮಾಡಿಸಿದ ಗುಡಿಯ ಮಾತಿದೆ. ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳು ಅದನ್ನ ನೋಡಿ ಇದು ಮನುಷ್ಯರ ಕೆಲಸ ಅಲ್ಲ, ತಾನಾಗಿಯೇ ಉದ್ಭವಿಸಿದ ಶಿವನ ನೆಲೆ ಅಂದುಕೊಂಡರಂತೆ. ಮಾಡಿದ ಶಿಲ್ಪಿಗೇ ಇದನ್ನ ನಾನು ಹೆಂಗೆ ಮಾಡಿದೆ ಅಂತ ಬೆರಗಾಯಿತಂತೆ. 19ನೇ ಶತಮಾನದಲ್ಲಿ ಆರ್. ಜಿ. ಭಂಡಾರಕರ್ ಈ ಸಾಲುಗಳನ್ನು ಹಿಡಿದು, ತಾಮ್ರಪಟ ಹೇಳುವ ಗುಡಿ ಕೈಲಾಸವೇ ಎಂದು ತೋರಿಸಿದರು.

ನೋಡಿ, ಇದು ನಿಜವಾದ ಲಿಂಕ್. ಎಲ್ಲೋ ಬೇರೆ ಕಡೆ, ಬೇರೆ ಉದ್ದೇಶಕ್ಕೆ ಬರೆದ ಪತ್ರ. ಆದರೆ ಊರಿನ ಹೆಸರು ಇದೆ, ಮಾಡಿಸಿದವನ ಹೆಸರು ಇದೆ, ನೋಡಿದವರಿಗೆ ಏನನ್ನಿಸಿತು ಅಂತ ಇದೆ. ಸಾವಿರ ವರ್ಷ ಆದ ಮೇಲೂ ಅದನ್ನ ಹಿಡಿದುಕೊಂಡು ಮೂಲಕ್ಕೆ ಹೋಗಬಹುದು.

ಇನ್ನೊಂದು ಕಡೆ, ಮೂಲದಲ್ಲಿ ಹೆಸರಿಲ್ಲದ್ದರಿಂದ ಕತೆಗಳು ಹುಟ್ಟಿದವು. ಕೃಷ್ಣ ಯಾಜ್ಞವಲ್ಕಿಯ ಮರಾಠಿ ಕೃತಿ ಕಥಾಕಲ್ಪತರುವಿನಲ್ಲಿ ಒಂದು ಕತೆ ಇದೆ. ಗುಡಿಯ ಶಿಖರ ಕಾಣುವವರೆಗೆ ಊಟ ಮಾಡಲ್ಲ ಅಂತ ರಾಣಿ ಹರಕೆ ಹೊತ್ತಳು. ಕೊನೆಗೆ ಪೈಠಣದ ಕೋಕಸ ಎಂಬ ಶಿಲ್ಪಿ ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬಂದು ಒಂದೇ ವಾರದಲ್ಲಿ ಶಿಖರ ತೋರಿಸಿದ. ಮೇಲಿನಿಂದ ಕೆಳಕ್ಕೆ ಕೆತ್ತಿದ್ದು ನಿಜ, ಆ ನಿಜದ ಸುತ್ತ ಒಂದು ಸೊಗಸಾದ ಕತೆ ಬೆಳೆಯಿತು. ಅದು ಮಧ್ಯಯುಗದ ವೈರಲ್. ನಮ್ಮ ಕಾಲದ ವೈರಲ್ ಏನು? ಕೈಲಾಸವನ್ನ ಏಲಿಯನ್‌ಗಳು ಕಟ್ಟಿದರು! ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ನಾಸಿಕದಲ್ಲಿ ಪಾಂಡವರು, ವೇರೂಳಿನಲ್ಲಿ ಏಲಿಯನ್‌ಗಳು. ಎರಡೂ ಕಡೆ ನಡೆದಿರೋದು ಒಂದೇ. ದುಡಿದವನ ಹೆಸರು ಕೈತಪ್ಪಿದಾಗ ಬೇರೆ ಯಾರೋ ಬಂದು ಕೂತುಕೊಳ್ತಾರೆ.

ಹಾಡಿನೊಳಗೇ ವಿಳಾಸ

ಈ ತೊಂದರೆಗೆ ಕನ್ನಡದವರು ಒಂದು ಪರಿಹಾರ ಕಂಡುಕೊಂಡಿದ್ದರು. ಅಂಕಿತ.

ವಚನ ತಗೊಳಿ. ಬಸವಣ್ಣನವರದಾದರೆ ಕೂಡಲಸಂಗಮದೇವ, ಅಕ್ಕಮಹಾದೇವಿಯದಾದರೆ ಚೆನ್ನಮಲ್ಲಿಕಾರ್ಜುನ. ದಾಸರ ಪದ ತಗೊಳಿ. ಪುರಂದರದಾಸರದಾದರೆ ಪುರಂದರವಿಠಲ, ಕನಕದಾಸರದಾದರೆ ಕಾಗಿನೆಲೆಯ ಆದಿಕೇಶವ. ಇದು ಭಕ್ತಿಯ ಗುರುತು, ಒಪ್ಪೋಣ. ಆದರೆ ಅದು ಮಾಡುವ ಇನ್ನೊಂದು ಕೆಲಸ ನೋಡಿ. ಹಾಡು ಬಾಯಿಂದ ಬಾಯಿಗೆ ಹೋಗುತ್ತೆ. ರಾಗ ಬದಲಾಗಬಹುದು, ಒಂದೆರಡು ಪದ ಆಚೀಚೆ ಆಗಬಹುದು, ಹಾಡುವವರಿಗೆ ಓದೋಕೇ ಬರದಿರಬಹುದು. ಆದರೂ ಕೊನೆಯ ಸಾಲಿಗೆ ಬಂದಾಗ ಯಾರದು ಅನ್ನೋದು ಅವರ ಬಾಯಲ್ಲೇ ಬರುತ್ತೆ. ವಿಳಾಸ ಹಾಡಿನ ಹೊರಗಿಲ್ಲ, ಒಳಗಿದೆ. ಕತ್ತರಿಸಿ ತೆಗೆದರೆ ಹಾಡೇ ಕುಂಟುತ್ತೆ.

ಇದಕ್ಕೆ ಎದುರಾಗಿ ವಾಟ್ಸಾಪ್ ಇಟ್ಟು ನೋಡಿ. 2018ರಲ್ಲಿ ಅವರು ಫಾರ್ವರ್ಡ್ ಆದ ಮೆಸೇಜಿಗೆ "ಫಾರ್ವರ್ಡೆಡ್" ಅನ್ನೋ ಚೀಟಿ ಅಂಟಿಸೋಕೆ ಶುರು ಮಾಡಿದರು. ಅದೇ ವರ್ಷ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕಿದರು. 2020ರಲ್ಲಿ ಬಹಳ ಸಲ ಫಾರ್ವರ್ಡ್ ಆದದ್ದನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಅಂತ ಮಾಡಿದರು. ಇದು ಎಷ್ಟು ಕೈ ದಾಟಿ ಬಂದಿದೆ ಅಂತ ಸ್ವಲ್ಪ ಗೊತ್ತಾಗುತ್ತೆ. ಯಾರ ಕೈಯಿಂದ ಹೊರಟಿತು ಅಂತ ಗೊತ್ತಾಗಲ್ಲ. ಕನ್ನಡದಲ್ಲಿ ಬ್ಲಾಗ್ ಬರೆಯುವ ಯಾರನ್ನೇ ಕೇಳಿ. ತಮ್ಮದೇ ಬರಹ ತಮ್ಮದೇ ಮೊಬೈಲಿಗೆ, ಹೆಸರು ಕಿತ್ತು, ಕೊನೆಗೆ "ಸಂಗ್ರಹ" ಅಂತ ಸೇರಿಸಿಕೊಂಡು ಬಂದ ಕತೆ ಹೇಳ್ತಾರೆ.

ಅದಕ್ಕೇ ನನ್ನ ಮೊದಲ ಸಲಹೆ: ಹೆಸರನ್ನ ಬರಹದ ಮೇಲೆ ಮಾತ್ರ ಹಾಕಬೇಡಿ, ಒಳಗೂ ಹೆಣೆಯಿರಿ. "ನಾನು ನಾಸಿಕದಲ್ಲಿದ್ದಾಗ ಬರೆದ ಇಂಥ ಸರಣಿಯಲ್ಲಿ ಹೇಳಿದ ಹಾಗೆ" ಅಂತ ನಡುವೆ ಒಂದು ಸಾಲು. ಫೋಟೊದ ಮೂಲೆಯಲ್ಲಿ ಅಲ್ಲ, ನಡುವಿನ ಜಾಗದಲ್ಲಿ ತಾಣದ ಹೆಸರು. ಲಿಂಕ್ ಉದುರಿಹೋದರೂ ಹುಡುಕಿದರೆ ಸಿಗುವಂಥ, ಬೇರೆಯವರಿಗಿಲ್ಲದ ಹೆಸರು.

ತಲೆಹೊರೆ ಪುಸ್ತಕ

ಇನ್ನು ಓದುಗರ ಮನೆ ಬಾಗಿಲಿಗೆ ಹೋದವರ ಕತೆ. ಗಳಗನಾಥರು, ಮೂಲ ಹೆಸರು ವೆಂಕಟೇಶ ತಿರಕೊ ಕುಲಕರ್ಣಿ, 1869ರಿಂದ 1942. ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಊರಿನವರು, ಶಾಲಾ ಮಾಸ್ತರಿಕೆ ಮಾಡಿದವರು. ಆಗ ಧಾರವಾಡದ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ನಾಸಿಕವೂ ಅದೇ ಪ್ರಾಂತ್ಯ. ಉತ್ತರ ಕರ್ನಾಟಕದ ಓದು ಬಲ್ಲವರ ಮೇಲೆ ಮರಾಠಿಯ ಪ್ರಭಾವ ಜೋರಾಗಿತ್ತು. ಕಾದಂಬರಿ ಓದಬೇಕು ಅಂದರೆ ಮರಾಠಿಯದೇ ಕೈಗೆ ಸಿಗ್ತಿತ್ತು.

ಗಳಗನಾಥರು ಆ ಓದುಗರನ್ನ ಬೈಯಲಿಲ್ಲ. ಅವರು ಏನು ಓದ್ತಿದ್ದರೋ ಅದನ್ನೇ ಕನ್ನಡಕ್ಕೆ ತಂದರು. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಿಸಿದರು. ಆಮೇಲೆ ವಿಜಯನಗರ ಸ್ಥಾಪನೆಯ ಕತೆಯನ್ನಿಟ್ಟುಕೊಂಡು ಸ್ವತಂತ್ರವಾಗಿ ಮಾಧವ ಕರುಣಾ ವಿಲಾಸ ಬರೆದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ಸದ್ಬೋಧ ಚಂದ್ರಿಕೆ ಮಾಸಪತ್ರಿಕೆಯಲ್ಲಿ ದುಡಿದರು. ಪುಸ್ತಕ ಅಚ್ಚಾದ ಮೇಲೆ ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇದು ಅಲಂಕಾರದ ಮಾತಲ್ಲ, ಅಕ್ಷರಶಃ ಹೊತ್ತದ್ದು.

ಇಲ್ಲಿ ಎರಡು ಪಾಠ ಇದೆ. ಒಂದು, ಜನ ಈಗ ಎಲ್ಲಿದ್ದಾರೋ ಅಲ್ಲಿಂದ ದಾರಿ ಶುರುವಾಗಬೇಕು. ಮರಾಠಿ ಕಾದಂಬರಿಯ ರುಚಿ ಹತ್ತಿದವರನ್ನ ಅದೇ ರುಚಿಯ ದಾರಿಯಲ್ಲಿ ಕನ್ನಡಕ್ಕೆ ಕರೆತಂದರು. ಎರಡು, ಮಾಸಪತ್ರಿಕೆ ಅಂದರೆ ಚಂದಾದಾರರ ಪಟ್ಟಿ. ಯಾವ ಊರು, ಯಾವ ಓಣಿ, ಯಾರ ಮನೆ ಎನ್ನುವುದು ಬರೆಯುವವರ ಕೈಯಲ್ಲೇ ಇತ್ತು. ನಡುವೆ ಅಂಚೆಯವನಿದ್ದ. ಆದರೆ "ಈ ಸಂಚಿಕೆಯನ್ನ ನೂರರಲ್ಲಿ ಹತ್ತು ಮನೆಗೆ ಮಾತ್ರ ಕೊಡ್ತೀನಿ, ಉಳಿದದ್ದಕ್ಕೆ ದುಡ್ಡು ಕೊಡಿ" ಅಂತ ಅವನು ಕೇಳಲಿಲ್ಲ.

1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆಯೂ ಚಂದಾದಾರರ ಬೆಂಬಲದಿಂದಲೇ ನಿಂತದ್ದು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರ ತಂದರು. ಆಮೇಲೆ ಮನೆ ಮಾರಿ ಹಿತಚಿಂತಕ ಅನ್ನೋ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಯಾಕೆ? ಬೇರೆಯವರ ಅಚ್ಚುಮನೆಯಲ್ಲಿ ಮಾಡಿಸಿದರೆ ಕೆಲಸ ಅವರ ಬಿಡುವಿಗೆ ಕಾಯಬೇಕು. ನೂರಾರು ವರ್ಷ ತಾಳೆಗರಿಯಲ್ಲಿ ಮಲಗಿದ್ದ ಮಾತು ಇನ್ನೂ ಕಾಯಬಾರದು ಅಂತ ಅವರಿಗೆ ಅನಿಸಿರಬೇಕು.

ಮುಚ್ಚಿದ ಸಭೆಗಳು

ಈಗ ನಮ್ಮ ಕಾಲ. ಕಂಪ್ಯೂಟರಲ್ಲಿ ಕನ್ನಡ ಬಂದದ್ದು ನಿಮ್ಮಲ್ಲಿ ಹಳಬರಿಗೆ ನೆನಪಿದೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಯುನಿಕೋಡ್ ಬರುವವರೆಗೆ ಫಾಂಟ್ ಇಳಿಸಿಕೊಳ್ಳದಿದ್ದರೆ ಚೌಕ ಚೌಕ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ಸಂಪದ. ಆಮೇಲೆ ಬ್ಲಾಗುಗಳ ಸುಗ್ಗಿ. ಅಮೆರಿಕದಲ್ಲಿದ್ದವರು, ಪುಣೆಯಲ್ಲಿದ್ದವರು, ದುಬೈಯಲ್ಲಿದ್ದವರು ತಮ್ಮ ಊರಿನ ಹಬ್ಬ, ಅಡುಗೆ, ಬೈಗುಳ ಎಲ್ಲ ಬರೆದರು. ಹೊರನಾಡ ಕನ್ನಡಿಗರ ಇತಿಹಾಸ ಯಾರಾದರೂ ಮುಂದೆ ಬರೆದರೆ ಆ ಬ್ಲಾಗುಗಳೇ ಅವರಿಗೆ ಶಾಸನ.

ಓದುಗರು ಬರ್ತಿದ್ದದ್ದು ಎರಡು ದಾರಿಯಲ್ಲಿ. ಒಂದು ಆರ್ಕುಟ್‌ನ ಕನ್ನಡ ಕಮ್ಯುನಿಟಿಗಳು, ಇನ್ನೊಂದು ಗೂಗಲ್ ರೀಡರ್. ಗೂಗಲ್ ರೀಡರ್ ಮುಚ್ಚಿದ್ದು 2013ರ ಜುಲೈ 1. ಆರ್ಕುಟ್ ಮುಚ್ಚಿದ್ದು 2014ರ ಸೆಪ್ಟೆಂಬರ್ 30. ಎಲ್ಲರೂ ಫೇಸ್‌ಬುಕ್ಕಿಗೆ ಹೋದರು. ಹಲವರು ಬ್ಲಾಗ್ ಬಿಟ್ಟು ಅಲ್ಲೇ ನೋಟ್ಸ್ ಬರೆದರು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡಿನ ಲೆಕ್ಕಾಚಾರ ಬದಲಿಸಿ, ಪೇಜುಗಳಿಗಿಂತ ಗೆಳೆಯರು ಮತ್ತು ಕುಟುಂಬದವರ ಪೋಸ್ಟಿಗೆ ಮೇಲುಗೈ ಅಂತ ಘೋಷಿಸಿತು. ಪೇಜ್ ಕಟ್ಟಿ ಬೆಳೆಸಿದವರ ತಲುಪು ಕುಸಿಯಿತು. 2020ರಲ್ಲಿ ಹೊಸ ನೋಟ್ಸ್ ಬರೆಯುವುದನ್ನೇ ನಿಲ್ಲಿಸಿದರು. ನಡುವೆ 2019ರಲ್ಲಿ ಗೂಗಲ್ ಪ್ಲಸ್ ಹೋಯಿತು. 2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕ್ ಒಂದು. ಅಲ್ಲಿ ಹೆಸರು ಮಾಡಿದ್ದ ಹಳ್ಳಿ ಹುಡುಗ ಹುಡುಗಿಯರು ಬೆಳಗಾಗೋದರಲ್ಲಿ ಜನರಿಲ್ಲದ ಅಂಗಳದಲ್ಲಿ ನಿಂತಿದ್ದರು.

ಇದರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶ ಅಲ್ಲ. ಕಂಪನಿ ಅಂದಮೇಲೆ ಪ್ರಾಡಕ್ಟ್ ಸನ್‌ಸೆಟ್ ಆಗುತ್ತೆ, ನಾವೇ ಎಷ್ಟು ಸಲ ಆ ಟಿಕೆಟ್ ಕ್ಲೋಸ್ ಮಾಡಿಲ್ಲ? ಜೋಗಲ್‌ಟೆಂಭಿಯ ನಾಣ್ಯ ನೆನಪಿಟ್ಟುಕೊಂಡರೆ ಸಾಕು. ಹರಿದಾಡುವ ಮಾಧ್ಯಮಕ್ಕೆ ಒಡೆಯ ಬೇರೆ ಇದ್ದಾನೆ, ಅವನು ಯಾವಾಗ ಬೇಕಾದರೂ ಹೊಸ ಮುದ್ರೆ ಒತ್ತಬಹುದು. ನಾಣ್ಯ ಬಳಸಬೇಡಿ ಅಂತಲ್ಲ, ನಿಮ್ಮ ಚರಿತ್ರೆಯನ್ನ ನಾಣ್ಯದ ಮೇಲೆ ಮಾತ್ರ ಬರೀಬೇಡಿ.

ಕನ್ನಡ ಅನ್ನೋ ಊರು

ಕೊನೆಗೆ ಒಂದು ಕಷ್ಟದ ವಿಷಯ. ಸಂಭಾಜಿನಗರ ಜಿಲ್ಲೆಯಲ್ಲಿ ಒಂದು ತಾಲ್ಲೂಕು ಕೇಂದ್ರ ಇದೆ. ಹೆಸರು ಕನ್ನಡ. ಮರಾಠಿಯವರು ಕೊನೆಯ ಅಕ್ಷರವನ್ನ ಅರ್ಧಕ್ಕೆ ನಿಲ್ಲಿಸಿ ಕನ್ನಡ್ ಅಂತಾರೆ. ಚಾಳೀಸಗಾಂವ್ ಕಡೆ ಘಾಟಿ ಇಳಿಯುವ ಮುಂಚೆ ಸಿಗುತ್ತೆ. ಪಿತಳಖೋರಾ ಗುಹೆಗಳು ಅದೇ ತಾಲ್ಲೂಕಲ್ಲಿವೆ, ವೇರೂಳು ಹತ್ತಿರ.

ಈ ಊರಿನ ಬೋರ್ಡ್ ಫೋಟೊ ಹಾಕಿ "ಮಹಾರಾಷ್ಟ್ರದ ನಡುವೆ ಕನ್ನಡಿಗರು ಕಟ್ಟಿದ ಊರು, ಇತಿಹಾಸಕಾರರು ಮುಚ್ಚಿಟ್ಟ ಸತ್ಯ" ಅಂತ ನಾನು ಒಂದು ಪೋಸ್ಟ್ ಹಾಕಿದರೆ ಏನಾಗುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಸಾವಿರಾರು ಶೇರ್. ಕೆಳಗೆ ಮರಾಠಿಯವರು, ಕನ್ನಡದವರು ಬಡಿದಾಟ. ಅದರಲ್ಲಿ ಒಂದಷ್ಟು ಜನ ನನ್ನ ತಾಣಕ್ಕೂ ಬರ್ತಾರೆ. ಗೆಳೆಯರು ಹಾಗೇ ಮಾಡು ಅಂತ ಹೇಳಿದ್ದೂ ಉಂಟು. ನಾನು ಮಾಡಿಲ್ಲ, ಮಾಡಲ್ಲ. ಯಾಕೆಂದರೆ ಹೆಸರಿನ ಹೋಲಿಕೆ ಒಂದೇ ಸಾಕ್ಷಿ ಆಗಲ್ಲ. ಪಾಂಡವಲೇಣಿ ಅಂತ ಹೆಸರಿದೆ ಅಂತ ಅದನ್ನ ಪಾಂಡವರು ಕೆತ್ತಿದ್ದು ಅಂತ ನಾವು ಒಪ್ಪಿದ್ದೇವಾ? ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ ಆಗಬಾರದು.

ಅದೂ ಅಲ್ಲದೆ ಉಪ್ಪು ಖಾರ ಸೇರಿಸುವ ಅಗತ್ಯವೇ ನಮಗಿಲ್ಲ. ಗಟ್ಟಿ ಸಾಕ್ಷಿ ಬೇಕಾದಷ್ಟಿದೆ. ಅಮೋಘವರ್ಷನ ಆಸ್ಥಾನದ ಶ್ರೀವಿಜಯನ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತೆ. ಆ ಗೋದಾವರಿ ತ್ರ್ಯಂಬಕದಲ್ಲಿ ಹುಟ್ಟಿ, ನಾಸಿಕದ ನಡುವೆ ಹರಿದು, ಪೈಠಣದ ಪಕ್ಕ ಹೋಗುತ್ತೆ. ಅಮೋಘವರ್ಷನ ತಂದೆ ಮೂರನೇ ಗೋವಿಂದನ ತಾಮ್ರಪಟ ನಾಸಿಕ ಜಿಲ್ಲೆಯ ವಣಿಯಲ್ಲಿ ಸಿಕ್ಕಿದೆ, ಅದು ಹೊರಟದ್ದು ಮಯೂರಖಂಡಿಯಿಂದ. ವೇರೂಳಿನ ಕೈಲಾಸ ಇದೆ. ಹತ್ತಿರದ ಕಾಲಕ್ಕೆ ಬಂದರೆ, 1956ರ ನವೆಂಬರ್ 1ರವರೆಗೆ ಈಗಿನ ಸಂಭಾಜಿನಗರ ಜಿಲ್ಲೆಯೂ ಕಲಬುರಗಿ, ಬೀದರ್, ರಾಯಚೂರುಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಇದನ್ನೆಲ್ಲ ಮರಾಠಿ ಗೆಳೆಯನ ಮುಂದೆ ಕೂತು, ಅವನ ಮನಸ್ಸು ನೋಯಿಸದೆ, ಚಹಾ ಕುಡೀತಾ ಹೇಳಬಹುದು. ಅವನೂ ಜ್ಞಾನದೇವರ ಅಭಂಗದಲ್ಲಿ ವಿಠಲನನ್ನ ಕಾನಡಾ ಅಂತ ಕರೆದದ್ದನ್ನ ನೆನಪಿಸಿ ಹೇಳ್ತಾನೆ. ಜಗಳದಿಂದ ಬಂದ ಓದುಗ ಜಗಳ ಮುಗಿದ ಮೇಲೆ ಹೋಗ್ತಾನೆ. ಹೀಗೆ ಬಂದವನು ಮುಂದಿನ ವಾರವೂ ಬರ್ತಾನೆ.

ಹಾಗಾದ್ರೆ ಏನು ಮಾಡೋದು

ಟಿಪ್ಸ್ ಕೊಡಲ್ಲ ಅಂದೆ, ಆದರೂ ಇಷ್ಟು ದೂರ ಓದಿದ್ದೀರಿ, ಬರಿಗೈಯಲ್ಲಿ ಕಳಿಸೋದು ಸರಿಯಲ್ಲ.

ಪೂರ್ತಿ ಬರಹ ನಿಮ್ಮ ತಾಣದಲ್ಲಿರಲಿ. ಡೊಮೇನ್ ನಿಮ್ಮ ಹೆಸರಲ್ಲಿರಲಿ, ವರ್ಷಕ್ಕೆರಡು ಸಲ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ. ಸೋಶಿಯಲ್ ಮೀಡಿಯಾದಲ್ಲಿ ಬರೀ ಲಿಂಕ್ ಎಸೆದು ಬರಬೇಡಿ. ಸಭೆಗೆ ಹೋದವನು "ನಮ್ಮನೆಗೆ ಬನ್ನಿ" ಅಂತಷ್ಟೇ ಕೂಗಿ ಹೋದರೆ ಯಾರೂ ಬರಲ್ಲ. ಉಷವದಾತ ಸಭೆಯಲ್ಲಿ ದಾನದ ಪೂರ್ತಿ ವಿಷಯ ಕೇಳಿಸಿದ. ನೀವೂ ಒಂದು ಪೂರ್ಣ ವಿಷಯ ಅಲ್ಲೇ ಹೇಳಿ, ಉಳಿದದ್ದಕ್ಕೆ ದಾರಿ ತೋರಿಸಿ. ಇನ್‌ಸ್ಟಾಗ್ರಾಮಿನ ಪೋಸ್ಟಲ್ಲಿ ಹಾಕಿದ ಲಿಂಕ್ ಒತ್ತೋಕೆ ಬರಲ್ಲ, ಹಾಗಾಗಿ ಅಲ್ಲಿ ಹುಡುಕಿದರೆ ಸಿಗುವ ಹೆಸರು ಹೇಳಿ. ಅಂಕಿತ ಒಳಗೇ ಇರಲಿ. ಬಂದವರಲ್ಲಿ ಇಷ್ಟವಿದ್ದವರ ಇಮೇಲ್ ಕೇಳಿ ಪಡೆಯಿರಿ. ಐವತ್ತು ಜನ ಆದರೂ ಅದು ನಿಮ್ಮ ಚಂದಾದಾರರ ಪಟ್ಟಿ, ಯಾವ ಅಲ್ಗಾರಿದಮ್ಮೂ ನಡುವೆ ನಿಲ್ಲಲ್ಲ. ಆರ್‌ಎಸ್‌ಎಸ್ ಫೀಡ್ ಆಫ್ ಮಾಡಬೇಡಿ, ಇನ್ನೂ ಬಳಸುವವರು ಇದ್ದಾರೆ.

ಇನ್ನೊಂದು, ಇದು ಯಾವ ಮಾರ್ಕೆಟಿಂಗ್ ವಿಡಿಯೊದಲ್ಲೂ ಇಲ್ಲ. ವಾರಕ್ಕೆ ಒಂದು ಸಲ ನಿಮ್ಮ ಬರಹದ ಒಂದು ಪ್ಯಾರಾ ನಿಮ್ಮ ಮಗುವಿಗೆ ಓದಿಸಿ. ನೀವು ಓದಿ ಹೇಳೋದಲ್ಲ, ಅವರೇ ಬೆರಳಿಟ್ಟು ಓದಬೇಕು. ಒತ್ತಕ್ಷರದಲ್ಲಿ ಎಡವಿದರೆ ಎಡವಲಿ. ಅನಲಿಟಿಕ್ಸ್‌ನಲ್ಲಿ ಅದು ಒಂದು ವಿಸಿಟ್ ಅಂತಲೂ ಲೆಕ್ಕಕ್ಕೆ ಬರಲ್ಲ. ಆದರೆ ಮೂವತ್ತು ವರ್ಷದ ನಂತರ ನಿಮ್ಮ ಗೋಡೆ ಓದೋಕೆ ಇನ್ನೊಬ್ಬ ಪ್ರಿನ್ಸೆಪ್‌ಗೆ ಕಾಯಬೇಕಾಗಿಲ್ಲ.

ಮುಂದಿನ ವಾರ ಪೈಠಣದಲ್ಲಿ ಸಿಗೋಣ, ಸಾತವಾಹನರ ಪ್ರತಿಷ್ಠಾನದ ಕತೆ ಇದೆ. ಇದನ್ನ ಫಾರ್ವರ್ಡ್ ಮಾಡೋದಾದರೆ ಧಾರಾಳವಾಗಿ ಮಾಡಿ. ಚಾನೆಲ್ ಹೆಸರು ಮಾತ್ರ ಕಿತ್ತು ಹಾಕಬೇಡಿ.